ಎಂಟು ದಿನದ ಎಣ್ಣೆ

ಮಂಗಳಮ್ಮ ಮೂರನೆಯ ದಿನವೂ ಗಂಗಳದ ಮುಂದೆ ಕೂತು, ಮುದ್ದೆಯನ್ನು ಬೆರಳಿನಿಂದ ಒತ್ತಿ ನೋಡಿ, ಎರಡು ಗುಟುಕು ಮಜ್ಜಿಗೆ ಕುಡಿದು ಎದ್ದುಬಿಟ್ಟಳು. ಏಳು ತಿಂಗಳ ಬಸುರಿ. ಆ ಮನೆಗೆ ಮೊದಲ ಮೊಮ್ಮಗು ಬರುವುದಿತ್ತು.

"ಏನೇ ಅದು, ಗುಬ್ಬಿ ಕುಕ್ಕಿದಂಗೆ ಕುಕ್ಕಿ ಬುಟ್ಟೆದ್ದೆ?" ಎಂದಳು ಅತ್ತೆ ದೊಡ್ಡತಾಯಮ್ಮ. "ಒಟ್ಟೇಲಿರೋ ಕೂಸು ಏನು ತಿಂದಾತು?"

"ಸೇರಕಿಲ್ಲ ಅತ್ತೆ."

"ಏನು ಸೇರ್ತದೆ ಅಂತ ಏಳು, ಮಾಡಿಕ್ತೀನಿ."

ಮಂಗಳಮ್ಮ ಗಂಗಳ ಎತ್ತಿಕೊಂಡು ಹಿತ್ತಿಲಿಗೆ ಹೋದಳು. ಏನು ಸೇರುತ್ತದೆ ಎನ್ನುವುದು ದೊಡ್ಡತಾಯಮ್ಮನಿಗೆ ಗೊತ್ತಿಲ್ಲದೇ ಇರಲಿಲ್ಲ. ಗೊತ್ತಿದ್ದೇ ಕೇಳಿದ್ದಳು.

ಶ್ರೀರಂಗಪಟ್ಟಣದ ಕೋಟೆಯಾಚೆ ಗಂಜಾಮಿನಲ್ಲಿ ಆಚಾರಿಗಳ ಬೀದಿಯ ಕೊನೆಯ ಮನೆ ಅವರದು. ದೊಡ್ಡತಾಯಮ್ಮನ ಗಂಡ ಲಕ್ಷ್ಮಣಾಚಾರಿ ಬಾಗಿಲು, ತೊಟ್ಟಿಲು ಮಾಡುವ ಬಡಗಿ. ಮಗ, ಮಂಗಳಮ್ಮನ ಗಂಡ ಸುಬ್ಬಾಚಾರಿ ಸರ್ಕಾರದ ಕಾರ್ಖಾನೆಯಲ್ಲಿ ಫಿರಂಗಿ ಗಾಡಿಗಳಿಗೆ ಚಕ್ರ ಮಾಡುತ್ತಿದ್ದ. ಒಂದೂವರೆ ವರ್ಷದ ಹಿಂದೆ ಮಲೆಯಾಳದ ಕಡೆ ಯುದ್ಧವಾದಾಗ ಅಲ್ಲಿಂದ ಹಿಡಿದು ತಂದವರಲ್ಲಿ ಮರ ಕೊಯ್ಯುವವರೂ ಇದ್ದರು. ಅವರನ್ನು ಕಾರ್ಖಾನೆಯ ಕೆಲಸಕ್ಕೆ ಹಚ್ಚಿ, ಕೆಲಸಗಾರರ ಮನೆಗಳಲ್ಲೇ ಇಳಿಸಿದ್ದರು. ಈ ಮನೆಯ ಹಿತ್ತಿಲಿನಲ್ಲಿ ಮರದ ಸಾಮಾನು ಇಡುತ್ತಿದ್ದ ಕೊಟ್ಟಡಿಗೆ ಬಂದವರು ಏಲಿಯಾ ಮತ್ತು ಅವನ ಹೆಂಡತಿ ರಿಬ್ಕಾ. ಚೇಂದಮಂಗಲದ ಯಹೂದಿಗಳು. ಬೀದಿಯವರು ಜೂದರು ಎನ್ನುತ್ತಿದ್ದರು. ಶನಿವಾರ ಒಲೆ ಹಚ್ಚದವರು. ಮಂಗಳಮ್ಮ ಅವಳನ್ನು ರೇಬಕ್ಕ ಎಂದು ಕರೆಯುತ್ತಿದ್ದಳು.

ಅವರು ಬಂದ ದಿನ ದೊಡ್ಡತಾಯಮ್ಮ ಮನಸ್ಸು ಕರಗಿ ಒಂದು ಕುಡಿಕೆಯ ತುಂಬ ಬಿಸಿ ಅನ್ನ, ಸೊಪ್ಪಿನ ಸಾರು ಕಳಿಸಿದ್ದಳು. ರಿಬ್ಕಾ ಕೈಮುಗಿದು, ಬೇಯಿಸಿದ್ದು ಬೇಡ, ಅಕ್ಕಿ ಇದ್ದರೆ ಕೊಡಿ ಎಂದಿದ್ದಳು. ಅವರ ಪದ್ಧತಿ ಹಾಗೆ, ಬೇರೆಯವರ ಪಾತ್ರೆಯಲ್ಲಿ ಬೆಂದದ್ದು ಆಗದು ಎಂದು ಸುಬ್ಬಾಚಾರಿ ತಿಳಿಸಿ ಹೇಳಿದ. ದೊಡ್ಡತಾಯಮ್ಮ ಅಕ್ಕಿಯನ್ನೂ ಕೊಟ್ಟಳು, ಮುನಿಸನ್ನೂ ಇಟ್ಟುಕೊಂಡಳು. "ನಮ್ಮ ಕೈ ಅಡಿಗೆ ಇವರಿಗೆ ಮೈಲಿಗೆಯಂತೆ! ಜನಿವಾರ ಹಾಕ್ಕೊಳೋ ಮನೆಯೋರು ನಾವು!" ಎಂದು ಬೀದಿಗೆಲ್ಲ ಹೇಳಿಕೊಂಡು ಬಂದಳು. ಬಾವಿಯಿಂದ ತಾನು ನೀರು ಸೇದಿ ಮುಗಿಸಿದ ಮೇಲೆಯೇ ರಿಬ್ಕಾ ಬರಬೇಕು ಎಂದು ಕಟ್ಟು ಮಾಡಿದಳು.

ಆ ವರ್ಷದ ಮಾರ್ಗಶಿರದಲ್ಲಿ ಊರು ಬಿಗಿದುಕೊಂಡಿತ್ತು. ಬೆಂಗಳೂರು ಇಂಗ್ಲಿಷರ ಕೈಸೇರಿ ಒಂಬತ್ತು ತಿಂಗಳಾಗಿತ್ತು. ಹಿರೋಡೆಯಿಂದ ಬರುತ್ತಿದ್ದ ಬೆಲ್ಲ ವಾರಕ್ಕೊಮ್ಮೆ ಬಂದರೆ ಹೆಚ್ಚು. ಎಣ್ಣೆಯಂತೂ ಗಾಣದ ಮನೆಯಿಂದ ಸೀದಾ ದಂಡಿಗೆ ಹೋಗುತ್ತಿತ್ತು. ಚೊಚ್ಚಲ ಹೆರಿಗೆ ತವರಿನಲ್ಲಾಗುವುದು ರೂಢಿ. ಆದರೆ ಮಂಗಳಮ್ಮನ ತವರು ನಾಗಮಂಗಲ, ದಾರಿಯಲ್ಲಿ ಕುದುರೆ ದಂಡು ಓಡಾಡುತ್ತಿದೆ ಎಂದು ಸುದ್ದಿ. ಬಾಣಂತನ ಇಲ್ಲೇ ಆಗಲಿ ಎಂದು ದೊಡ್ಡತಾಯಮ್ಮ ತೀರ್ಮಾನಿಸಿ, ಒಂದು ಮಡಕೆ ಎಳ್ಳೆಣ್ಣೆ ಕೂಡಿಟ್ಟು, ಬಾಯಿಗೆ ಬಟ್ಟೆ ಕಟ್ಟಿ, ದೇವರ ಗೂಡಿನ ಕೆಳಗೆ ಇಟ್ಟಿದ್ದಳು.

ಮಂಗಳಮ್ಮ ಹಿತ್ತಿಲಿಗೆ ಹೋದವಳು ಬರಲೇ ಇಲ್ಲ. ದೊಡ್ಡತಾಯಮ್ಮ ಹಿಂಬಾಗಿಲ ಬಳಿ ನಿಂತು ಕಿವಿಗೊಟ್ಟಳು. ರಿಬ್ಕಾ ಒರಳಲ್ಲಿ ಭತ್ತ ಕುಟ್ಟುತ್ತಿದ್ದಳು. ಯಾರ ಭತ್ತವೋ, ದಿನಾ ಕುಟ್ಟುತ್ತಿದ್ದಳು. ಸೊಸೆ ಪಕ್ಕದಲ್ಲಿ ಕೂತು ಹೊಟ್ಟು ಕೇರುತ್ತಿದ್ದಳು.

"ಇನ್ನು ಹತ್ತು ದಿನಕ್ಕೆ ನಮ್ಮ ದೀಪದ ಹಬ್ಬ," ಎನ್ನುತ್ತಿದ್ದಳು ರಿಬ್ಕಾ. ಅವಳ ಕನ್ನಡ ಒಂದೊಂದೇ ಮಾತು ಹುಡುಕಿ ಜೋಡಿಸಿದಂತೆ ಇರುತ್ತಿತ್ತು. "ಎಂಟು ದಿನ. ಮೊದಲ ದಿನ ಒಂದು ದೀಪ, ಮಾರನೆ ದಿನ ಎರಡು. ಹಾಗೆ ಎಂಟು."

"ಯಾಕಕ್ಕ ಎಂಟು?"

"ಹಿಂದೆ ನಮ್ಮ ದೇವಾಲಯವನ್ನು ಹಗೆಗಳು ಕೆಡಿಸಿದರು. ತಿರುಗಿ ಕೈಗೆ ಬಂದಾಗ ಒಂದು ದಿನಕ್ಕೆ ಸಾಕಾಗುವ ಎಣ್ಣೆ ಮಾತ್ರ ಸಿಕ್ಕಿತು. ಅದೇ ಎಂಟು ದಿನ ಉರಿಯಿತು. ಅದಕ್ಕೆ ಈ ಹಬ್ಬದಲ್ಲಿ ತಿಂಡಿ ಎಲ್ಲ ಎಣ್ಣೆಯಲ್ಲಿ."

"ಏನೇನು ಮಾಡ್ತೀರಿ? ಏಳಕ್ಕ."

"ನಿನ್ನೆ ಹೇಳಿದೆನಲ್ಲ."

"ಇನ್ನೊಂದ್ ದಪ ಏಳು."

ರಿಬ್ಕಾ ನಕ್ಕಳು. ಒನಕೆ ನಿಂತಿತು. "ಕಡಲೆಬೇಳೆ ತರಿತರಿಯಾಗಿ ರುಬ್ಬಿ, ಸಣ್ಣ ಈರುಳ್ಳಿ, ಶುಂಠಿ, ಕರಿಬೇವು ಹಾಕಿ ವಡೆ. ಅದು ನನ್ನ ಗಂಡನಿಗೆ. ಬಾಳೆಹಣ್ಣು ಉದ್ದಕ್ಕೆ ಸೀಳಿ, ಅಕ್ಕಿಹಿಟ್ಟಲ್ಲಿ ಅದ್ದಿ ಕರಿದರೆ ಅದು ನನಗೆ. ಆಮೇಲೆ ನೆಯ್ಯಪ್ಪ. ನೆನೆದ ಅಕ್ಕಿ ಕುಟ್ಟಿ, ಬೆಲ್ಲದ ಪಾಕ, ಕಿವುಚಿದ ಬಾಳೆಹಣ್ಣು, ಕೊಬ್ಬರಿ ಚೂರು, ಏಲಕ್ಕಿ. ಒಂದು ರಾತ್ರಿ ಬಿಡಬೇಕು. ಕಾದ ಎಣ್ಣೆಗೆ ಸೌಟಲ್ಲಿ ಹೊಯ್ದರೆ ನಡುವೆ ಉಬ್ಬುತ್ತದೆ. ಅಂಚು ಗರಿಗರಿ, ಒಳಗೆ ಮೆತ್ತಗೆ. ಅದು ಮಕ್ಕಳಿಗೆ ಬಹಳ ಇಷ್ಟ." ಅಷ್ಟಕ್ಕೆ ಮಾತು ನಿಲ್ಲಿಸಿ ಮತ್ತೆ ಕುಟ್ಟತೊಡಗಿದಳು.

"ನಂಗೆ ಬಾಯಲ್ಲಿ ನೀರು ಬತ್ತಾ ಅದೆ ರೇಬಕ್ಕ."

ದೊಡ್ಡತಾಯಮ್ಮ ಹೊಸ್ತಿಲು ದಾಟಿ ಬಂದಳು. "ಬಾರೇ ಒಳಕ್ಕೆ. ಕಜ್ಜಾಯ ಅನ್ನೋ ಪದಾರ್ಥ ನಮ್ಮಲ್ಲೂ ಅದೆ. ಅದನ್ನ ಕಾಣ್ದೋಳಂಗೆ ಬಾಯಿ ಬುಟ್ಕೊಂಡು ಕೂತವ್ಳೆ!"

"ಅಂಗಾರೆ ಅದನ್ನೇ ಮಾಡಿಕ್ಕಿ ಅತ್ತೆ," ಎಂದಳು ಮಂಗಳಮ್ಮ, ಆಸೆಯಿಂದ.

"ಎಣ್ಣೆ ಎಲ್ಲದೆ?"

ಆ ಸಂಜೆ ಊಟದ ಹೊತ್ತಿಗೆ ಸುಬ್ಬಾಚಾರಿ ಅದೇ ಮಾತು ತೆಗೆದ.

"ಅವ್ವ, ಗೂಡಿನ ಕೆಳಗೆ ಒಂದು ಮಡಕೆ ಎಣ್ಣೆ ಅದಲ್ಲ. ಅದ್ರಲ್ಲಿ ಒಂದು ಸೊಲಗೆ ತೆಗೆದು ನಾಕು ಕಜ್ಜಾಯ ಕರಿಯವ್ವ. ಪಾಪ, ಏನೂ ತಿಂತಿಲ್ಲ ಅವ್ಳು."

"ಅದು ಬಾಣಂತಿ ನೀರಿಗೆ, ಕೂಸಿನ ಮೈಗೆ. ಮುಟ್ಟಕಿಲ್ಲ ನಾನು."

"ಕೂಸು ಉಟ್ಟಾಗ ನೋಡ್ಕೊಂಡ್ರಾಯ್ತು."

"ಆಗ ನೀನು ತಂದು ಸುರೀತೀಯಾ? ಊರಲ್ಲಿ ಒಂದು ತೊಟ್ಟು ಸಿಕ್ಕಕಿಲ್ಲ. ನಾನು ಬಸುರಿಯಾದಾಗ ನಿಮ್ಮಜ್ಜಿ ಕಜ್ಜಾಯ ಕರಿದು ಹಾಕಿದ್ಳೇನ್ಲಾ? ಹುರುಳಿ ಬೇಯ್ಸಿ ಹಾಕಿದ್ಳು. ನೀನು ಉಟ್ಲಿಲ್ವಾ?"

ಲಕ್ಷ್ಮಣಾಚಾರಿ ತಲೆಯೆತ್ತದೆ ಉಣ್ಣುತ್ತಿದ್ದ. "ಒಂದು ಸೊಲಗೆ ತಾನೆ ಕಣೇ," ಎಂದ.

"ನೀವು ಸುಮ್ಕಿರಿ."

ಮಂಗಳಮ್ಮ ಎಲ್ಲರಿಗೂ ಬಡಿಸಿ, ತನಗೆ ಬಡಿಸಿಕೊಳ್ಳದೆ ಮಲಗಿದಳು.

ಅಮಾವಾಸ್ಯೆಗೆ ಐದು ದಿನ ಇರುವಾಗ ಹಿತ್ತಿಲಿನ ಕೊಟ್ಟಡಿಯ ಕಿಟಕಿಯಲ್ಲಿ ಒಂದು ಮಣ್ಣಿನ ಹಣತೆ ಉರಿಯಿತು. ಮಾರನೆಯ ಸಂಜೆ ಎರಡು. ಬೆರಳ ತುದಿಯಷ್ಟು ಬತ್ತಿ, ನಾಲ್ಕು ತೊಟ್ಟು ಎಣ್ಣೆ. ಏಲಿಯಾ ಮೆಲ್ಲಗೆ ಏನೋ ಹಾಡುತ್ತಿದ್ದ. ಲಕ್ಷ್ಮಣಾಚಾರಿ ಉಳಿ ಮಸೆಯುವುದನ್ನು ಬಿಟ್ಟು ಕೇಳಿಸಿಕೊಳ್ಳುತ್ತಿದ್ದ. "ಕಾರ್ತೀಕ ಮುಗಿದ ಮೇಲೂ ನಮ್ಮನೇಲಿ ದೀಪ ಉರೀತಾ ಅವೆ ನೋಡು," ಎಂದು ಹೆಂಡತಿಗೆ ಹೇಳಿದ. ದೊಡ್ಡತಾಯಮ್ಮ ಮೂತಿ ತಿರುವಿದಳು.

ಐದನೆಯ ದಿನ ದೊಡ್ಡತಾಯಮ್ಮ ಕಾಳಮ್ಮನ ಗುಡಿಗೆ ಹೋಗಿ, ಸೊಸೆಗೆಂದು ಕುಂಕುಮ ಹೂವು ಹಿಡಿದು ಬರುತ್ತಿದ್ದಳು. ಹೊತ್ತು ಇನ್ನೂ ಮುಳುಗಿರಲಿಲ್ಲ. ಬೀದಿಯ ಬಾಯಿಗೇ ವಾಸನೆ ಬಂತು. ಬೆಲ್ಲ, ಏಲಕ್ಕಿ, ಕಾದ ಎಳ್ಳೆಣ್ಣೆ. ಪಕ್ಕದ ಮನೆಯ ಮಂಚಮ್ಮ ಜಗುಲಿಯಲ್ಲಿ ಕೂತು ಮೂಗರಳಿಸಿ, "ಏನು ತಾಯಮ್ಮ, ನಿಮ್ಮನೇಲಿ ಅಬ್ಬವಾ? ಸೊಸೆ ಇತ್ಲಲ್ಲೇ ಊಟಕ್ಕೆ ಕೂತವ್ಳಂತೆ?" ಎಂದಳು. ಎರಡು ವರ್ಷದ ಹಿಂದೆ, ಬೇರೆಯವರ ಮನೆಯಲ್ಲಿ ಉಂಡರೆಂದು ಕುಲದ ಯಜಮಾನರು ಇದೇ ಬೀದಿಯ ಒಂದು ಮನೆಯನ್ನು ಆರು ತಿಂಗಳು ಹೊರಗಿಟ್ಟಿದ್ದರು. ಆ ಮನೆಯವರ ಸಾವಿಗೂ ಯಾರೂ ಹೋಗಿರಲಿಲ್ಲ. ದೊಡ್ಡತಾಯಮ್ಮ ನಡುಮನೆ ದಾಟಿ ಹಿತ್ತಿಲಿಗೆ ನುಗ್ಗಿದಳು.

ಕೊಟ್ಟಡಿಯ ಹೊಸ್ತಿಲ ಮೇಲೆ ಮಂಗಳಮ್ಮ ಕಾಲು ಚಾಚಿ ಕೂತಿದ್ದಳು. ಮಡಿಲಲ್ಲಿ ಬಾಳೆಲೆ, ಅದರ ಮೇಲೆ ಮೂರು ನೆಯ್ಯಪ್ಪ, ಕೈಯಲ್ಲಿ ಅರ್ಧ. ಕಣ್ಣು ಮುಚ್ಚಿಕೊಂಡು ಅಗಿಯುತ್ತಿದ್ದಳು. ಅಂಥ ಸಂತೋಷವನ್ನು ದೊಡ್ಡತಾಯಮ್ಮ ತನ್ನ ಅಡಿಗೆ ಉಣ್ಣುವಾಗ ಆ ಮುಖದ ಮೇಲೆ ಒಂದು ದಿನವೂ ಕಂಡಿರಲಿಲ್ಲ.

"ಉಗಿಯೇ! ಬಾಯಲ್ಲಿರೋದ ಉಗಿಯೇ ಮೊದ್ಲು!"

ಮಂಗಳಮ್ಮ ಬೆಚ್ಚಿ ಎದ್ದಳು. ರಿಬ್ಕಾ ಒಲೆಯ ಮುಂದಿನಿಂದ ಎದ್ದು ಬಂದಳು.

"ಅಮ್ಮ, ಬಸುರಿ ಆಸೆಪಟ್ಟಳು. ಮಡಕೆ ಹೊಸದು. ಎಣ್ಣೆಯೂ ಹೊಸದು. ತಪ್ಪಿದ್ದರೆ ನನ್ನದು, ಅವಳದಲ್ಲ."

"ನಮ್ಮನೆ ಅನ್ನ ನಿಂಗಾಗಕಿಲ್ಲ, ನಿನ್ನ ಎಂಜಲು ನಮ್ಮನೆ ಬಸುರಿಗೆ ಬೇಕಾ? ಒಂದು ಮಗು ಕಂಡೋಳಲ್ಲ ನೀನು. ಬಂಜೆ ಕೈಯಿಂದ ನನ್ನ ಸೊಸೆ ತಿನ್ಬೇಕಾ?"

"ಅತ್ತೆ!" ಎಂದು ಕೂಗಿದಳು ಮಂಗಳಮ್ಮ.

ದೊಡ್ಡತಾಯಮ್ಮ ಎಲೆಯನ್ನು ಕಿತ್ತುಕೊಂಡಳು. ಒಲೆಯ ಪಕ್ಕದ ಮೊರದಲ್ಲಿದ್ದ ನೆಯ್ಯಪ್ಪಗಳನ್ನೂ ಬಾಚಿದಳು. ತಿರುಗುವಾಗ ಎಣ್ಣೆಯ ಮಡಕೆ ಉರುಳಿತು. ಕಾಲು ತಾಗಿತೋ, ತಾನೇ ಒದ್ದಳೋ, ಆಮೇಲೆ ಎಷ್ಟು ಯೋಚಿಸಿದರೂ ಅವಳಿಗೇ ಹೇಳಲಾಗಲಿಲ್ಲ. ಎಣ್ಣೆ ಬೂದಿಯೊಳಗೆ ಇಳಿದುಹೋಯಿತು. ನೆಯ್ಯಪ್ಪಗಳು ತಿಪ್ಪೆಗೆ ಬಿದ್ದವು. ಎಲ್ಲಿದ್ದವೋ, ಕಾಗೆಗಳು ಬಂದವು.

ರಿಬ್ಕಾ ಕಾಗೆಗಳನ್ನು ನೋಡಿದಳು, ಬೂದಿಯನ್ನು ನೋಡಿದಳು. ಬಾಗಿಲು ಮುಂದಕ್ಕೆ ಎಳೆದುಕೊಂಡಳು. ಆ ಸಂಜೆ ಕಿಟಕಿಯಲ್ಲಿ ಐದು ದೀಪ ಉರಿಯಬೇಕಿತ್ತು. ಒಂದೂ ಉರಿಯಲಿಲ್ಲ. ಮಾರನೆಯ ಸಂಜೆಯೂ ಇಲ್ಲ.

"ಬ್ಯಾಡ ಅನ್ಬೋದಾಗಿತ್ತು," ಎಂದ ಲಕ್ಷ್ಮಣಾಚಾರಿ. "ಬಿಸಾಕ್ಬಾರ್ದಾಗಿತ್ತು."

"ಕುಲದೋರು ಬಂದು ಕೇಳಿದ್ರೆ ನೀವು ಉತ್ರ ಕೊಡ್ತಿದ್ರಾ?"

ಕುಲದವರು ಯಾರೂ ಬಂದು ಕೇಳಲಿಲ್ಲ. ಊರಿನವರಿಗೆಲ್ಲ ಬೇರೆಯೇ ಚಿಂತೆಗಳಿದ್ದವು.

ಮಂಗಳಮ್ಮ ನಾಗಮಂಗಲಕ್ಕೆ ಹೇಳಿಕಳಿಸಿದಳು. ಎಂಟು ದಿನಕ್ಕೆ ಅವಳಪ್ಪ, ಕಂಚಿನ ಎರಕ ಹೊಯ್ಯುವ ಆಚಾರಿ, ಎತ್ತಿನ ಗಾಡಿ ಕಟ್ಟಿಕೊಂಡು ಬಂದ.

"ದಾರಿ ಸರಿಯಿಲ್ಲ ಬೀಗ್ರೆ. ಇಲ್ಲೇ ಆಗ್ಲಿ ಬಾಣಂತನ," ಎಂದಳು ದೊಡ್ಡತಾಯಮ್ಮ.

"ಅವ್ಳು ಇಲ್ಲಿರಕಿಲ್ಲ ಅಂತಾವ್ಳೆ ಕಣಮ್ಮ. ನಾನೇನು ಮಾಡ್ಲಿ?"

ದೊಡ್ಡತಾಯಮ್ಮ ಗೂಡಿನ ಕೆಳಗಿನ ಎಣ್ಣೆಯ ಮಡಕೆಯನ್ನು ಎತ್ತಿ ತಂದು ಗಾಡಿಯಲ್ಲಿಡಲು ಹೋದಳು. ಮಂಗಳಮ್ಮ ಗಾಡಿಯ ಒಳಗಿನಿಂದಲೇ ಅದನ್ನು ಹಿಂದಕ್ಕೆ ತಳ್ಳಿದಳು.

"ಬ್ಯಾಡಿ ಅತ್ತೆ. ಅದು ನೀವು ಜ್ವಾಪಾನ ಮಾಡಿದ್ದು. ನೀವೇ ಮಡಿಕ್ಕೊಳಿ."

ಗಾಡಿ ಹೋದ ಎರಡು ದಿನಕ್ಕೆ ಗಾಣದ ಮನೆಯ ಮಾದಮ್ಮ ಬಂದಳು. "ನಿಮ್ಮನೆ ಜೂದ್ರೋಳು ಎಲ್ಲಿ? ಇನ್ನೆಲ್ಡು ಪಲ್ಲ ಭತ್ತ ಅದೆ, ಕುಟ್ಟಾಳಾ ಅಂತ ಕೇಳಕ್ಕೆ ಬಂದೆ. ಒಂದು ತಿಂಗ್ಳು ಕುಟ್ಟಿದ್ಳು ಪುಣ್ಯಾತ್ಗಿತ್ತಿ. ಕಾಸು ಕೊಡ್ತೀನಿ ಅಂದ್ರೆ ಬ್ಯಾಡ, ಎಣ್ಣೆ ಕೊಡು ಅಂದ್ಳು. ದಂಡಿನೋರ ಕಣ್ತಪ್ಸಿ ಎರಡು ಸೊಲಗೆ ಕೊಟ್ಟೆ. ಬಸುರಿಗೆ ತಿಂಡಿ ಕರೀಬೇಕು, ಎಂಟು ದಿನದ ದೀಪಕ್ಕೂ ಅದೇ ಎಣ್ಣೆ ಆಗ್ಬೇಕು ಅಂತಿದ್ಳು. ಚೆನ್ನಾಗಾಯ್ತಾ ಅಬ್ಬ?"

ದೊಡ್ಡತಾಯಮ್ಮ, ಆಯಿತು ಎಂದಳು. ಮಾದಮ್ಮ ಹೋದ ಮೇಲೆ ಮೊರ ಹಿಡಿದು ಕೂತಳು. ಮಧ್ಯಾಹ್ನದವರೆಗೂ ಒಂದೇ ಹಿಡಿ ಅವರೆಕಾಳನ್ನು ಮತ್ತೆ ಮತ್ತೆ ಕೇರಿದಳು.

ಆ ದಿನ ಊಟಕ್ಕೆ ಕೂತ ಮಗನನ್ನು ಅವಳೇ ಮಾತಾಡಿಸಿದಳು. ಆ ಗಲಾಟೆಯಾದಾಗಿನಿಂದ ಅವನು ಅವ್ವನೊಡನೆ ಮಾತು ಬಿಟ್ಟಿದ್ದ.

"ಏಲಿಯಾ ಏನಾರ ಅಂದ್ನೇನ್ಲಾ?"

"ಅವ್ನು ಏನಂದಾನು? ಗರಗಸ ಎಳೀತಾನೆ, ಬತ್ತಾನೆ." ಸುಬ್ಬಾಚಾರಿ ತುತ್ತು ನುಂಗಿದ. "ಬಂಜೆ ಅಂದ್ಯಲ್ಲವ್ವ. ಅವ್ರಿಗೊಂದು ಎಣ್ಣು ಮಗು ಇತ್ತು. ನಾಕು ವರ್ಷದ್ದು. ಬರೋವಾಗ ಘಟ್ಟದಲ್ಲಿ ಜ್ವರ ಬಂದು ಓಯ್ತು. ದಾರಿ ಪಕ್ಕದಲ್ಲೇ ಮಣ್ಣು ಮಾಡಿ ಬಂದವ್ರೆ."

ದೊಡ್ಡತಾಯಮ್ಮನ ಕೈಯ ಸೌಟು ಸಾರಿನ ಮಡಕೆಯಲ್ಲೇ ನಿಂತಿತು. "ನಿಂಗ್ಯಾವಾಗ ಗೊತ್ತಾಯ್ತು?"

"ಬಂದ್ ವಾರಕ್ಕೇ ಅವ್ನು ಏಳಿದ್ದ."

"ಮತ್ತೆ ಯಾಕ್ಲಾ ನಂಗೇಳ್ನಿಲ್ಲ?"

"ನೀನು ಕೇಳಿದ್ಯಾ?"

ಮಾರನೆಯ ಬೆಳಿಗ್ಗೆ ಅವಳು ಬಾವಿಯ ಹತ್ತಿರ ಕಾದು ನಿಂತಳು. ತಪ್ಪಾಯಿತು ಅನ್ನಬೇಕು ಎಂದು ಎದ್ದಾಗಿನಿಂದ ಬಾಯಲ್ಲೇ ಕಟ್ಟಿಕೊಂಡಿದ್ದಳು. ರಿಬ್ಕಾ ಕೊಡ ಹಿಡಿದು ಬಂದವಳು ಇವಳನ್ನು ಕಂಡು ರೂಢಿಯಂತೆ ದೂರ ನಿಂತಳು.

"ಬಾ," ಎಂದಳು ದೊಡ್ಡತಾಯಮ್ಮ. "ಇನ್ಮೇಲೆ ನೀನೇ ಮೊದ್ಲು ಸೇದ್ಕೋ."

ರಿಬ್ಕಾ ಅವಳ ಮುಖ ನೋಡಿದಳು. "ಆಗಲಿ ಅಮ್ಮ," ಎಂದು ನೀರು ಸೇದಿಕೊಂಡು ಹೋದಳು. ಅಷ್ಟೇ ಆದದ್ದು. ಆಡಬೇಕಾಗಿದ್ದ ಮಾತು ಬಾಯಲ್ಲೇ ಉಳಿಯಿತು. ನಾಳೆ ಆಡಿದರಾಯಿತು ಎಂದುಕೊಂಡಳು. ನಾಳೆ ಆಡಲಿಲ್ಲ, ಮರುದಿನವೂ ಆಡಲಿಲ್ಲ. ಪುಷ್ಯ ಕಳೆಯಿತು.

ಮಾಘದಲ್ಲಿ ಇಂಗ್ಲಿಷರ ದಂಡು ಹೊಳೆಯ ಉತ್ತರ ದಡಕ್ಕೇ ಬಂದಿತು. ಕಾರ್ಖಾನೆಯವರನ್ನೆಲ್ಲ ಒಂದೇ ದಿನದಲ್ಲಿ ಕೋಟೆಯೊಳಕ್ಕೆ ಕರೆಸಿಕೊಂಡರು. ಸುಬ್ಬಾಚಾರಿ ಹೋದ, ಏಲಿಯಾ ಹೋದ, ಅವನ ಹಿಂದೆ ಗಂಟು ಹೊತ್ತು ರಿಬ್ಕಾ ಹೋದಳು. ದೊಡ್ಡತಾಯಮ್ಮ ಆ ಹೊತ್ತು ಪಾತ್ರೆ ಪಡಗ ಕಟ್ಟುತ್ತಿದ್ದಳು. ತಲೆಯೆತ್ತಿ ನೋಡುವುದರೊಳಗೆ ಕೊಟ್ಟಡಿಯ ಬಾಗಿಲು ಬರಿದಾಗಿತ್ತು. ದೊಡ್ಡತಾಯಮ್ಮ, ಲಕ್ಷ್ಮಣಾಚಾರಿ ಕತ್ತಲಾಗುವ ಮುಂಚೆ ದಕ್ಷಿಣದ ಹೊಳೆ ದಾಟಿ ಬೆಳಗೊಳದ ನೆಂಟರ ಮನೆ ಸೇರಿದರು. ಅಲ್ಲಿಂದ ಎರಡು ವಾರ ಫಿರಂಗಿಯ ಸದ್ದು ಕೇಳಿದರು. ಪ್ರತಿ ಸದ್ದಿಗೂ ಅವಳು ಮಗನ ಹೆಸರು ಹೇಳುತ್ತಿದ್ದಳು. ಒಮ್ಮೊಮ್ಮೆ ಇನ್ನೊಂದು ಹೆಸರೂ ಬಾಯಿಗೆ ಬರುತ್ತಿತ್ತು.

ಕೊನೆಗೆ ಸದ್ದು ನಿಂತಿತು, ಕರಾರಾಯಿತು. ಸುಬ್ಬಾಚಾರಿ ಬದುಕಿ ಬಂದ. ನಾಗಮಂಗಲದಿಂದಲೂ ಸುದ್ದಿ ಬಂದಿತ್ತು. ಹೆಣ್ಣು ಮಗು, ತಾಯಿ ಮಗು ಕ್ಷೇಮ.

"ಇಡ್ಕೊಂಡು ಬಂದೋರ್ನೆಲ್ಲ ಬುಡ್ತಾವ್ರೆ ಅವ್ವ," ಎಂದ ಸುಬ್ಬಾಚಾರಿ. "ಏಲಿಯಾನೂ ಹೊಂಟ. ಕೊಡಗಿನ ದಾರೀಲಿ ಮಲೆಯಾಳಕ್ಕೆ ಓಯ್ತಾರಂತೆ. ನಾಳಿದ್ದು ಇದೇ ರಸ್ತೇಲಿ ಬತ್ತಾರೆ."

ದೊಡ್ಡತಾಯಮ್ಮ ಎದ್ದು ಅಕ್ಕಿ ನೆನೆಹಾಕಿದಳು. ನೆಂಟರ ಮನೆಯಲ್ಲಿ ಬೆಲ್ಲ ಬೇಡಿದಳು. ಹೊತ್ತುತಂದಿದ್ದ ಎಣ್ಣೆಯ ಮಡಕೆಯ ಬಟ್ಟೆ ಬಿಚ್ಚಿದಳು. ಮಾರನೆಯ ದಿನ ಪಾಕ ಹಿಡಿದು ಹಿಟ್ಟು ಕಲಸಿಟ್ಟು, ಮೂರನೆಯ ದಿನ ಮುಂಜಾನೆ ಕರಿಯಲು ಕೂತಳು. ರಿಬ್ಕಾ ಹೇಳಿದ ರೀತಿ ಅವಳಿಗೆ ನೆನಪಿತ್ತು. ಆದರೆ ಸೌಟಲ್ಲಿ ಹೊಯ್ಯುವ ಅಳತೆ ಗೊತ್ತಿರಲಿಲ್ಲ, ಬಾಳೆಹಣ್ಣೂ ಸಿಗಲಿಲ್ಲ. ತನಗೆ ಬರುವ ಕಜ್ಜಾಯವನ್ನೇ ಎಲೆಯ ಮೇಲೆ ತಟ್ಟಿ ಎಣ್ಣೆಗೆ ಬಿಟ್ಟಳು. ಬಾಣಂತಿಗೆಂದು ಕಾಪಾಡಿದ ಎಣ್ಣೆ ಮುಕ್ಕಾಲು ಪಾಲು ಮುಗಿಯಿತು.

ಹೊತ್ತೇರುವಾಗ ಗಾಡಿಗಳು, ಗಂಟು ಹೊತ್ತ ಜನ ರಸ್ತೆಯಲ್ಲಿ ಬಂದರು. ಹುಣಸೆಮರದ ನೆರಳಲ್ಲಿ ದಣಿವಾರಿಸಿಕೊಳ್ಳಲು ನಿಂತರು. ರಿಬ್ಕಾ ಬಹಳ ಸೊರಗಿದ್ದಳು. ದೊಡ್ಡತಾಯಮ್ಮ ಎಲೆಯ ಪೊಟ್ಟಣವನ್ನು ಮುಂದೆ ಚಾಚಿದಳು.

"ಇದು..." ಎಂದಳು. "ನಮ್ಮ ಪಾತ್ರೇಲಿ ಕರ್ದಿದ್ದು. ನಿಂಗಾಗಕಿಲ್ಲ ಅಂತ ಗೊತ್ತು. ಬೇರೆ ಏನು ತರ್ಬೇಕೋ ಗೊತ್ತಾಗ್ನಿಲ್ಲ ಕಣವ್ವ."

ಏಲಿಯಾ ಹೆಂಡತಿಯ ಕಡೆ ನೋಡಿದ. ರಿಬ್ಕಾ ತಲೆಯ ಮೇಲಿದ್ದ ಗಂಟನ್ನು ಕೆಳಗಿಳಿಸಿದಳು. ಕೈಗಳನ್ನು ಸೆರಗಿಗೆ ಒರೆಸಿಕೊಂಡು, ಎರಡೂ ಕೈ ಚಾಚಿ ಪೊಟ್ಟಣ ತೆಗೆದುಕೊಂಡಳು. ಬಿಚ್ಚಿ ನೋಡಿದಳು. ಒಂದನ್ನು ಎತ್ತಿ ಮೂಗಿನ ಹತ್ತಿರ ಹಿಡಿದಳು.

"ಪಾಕ ಸರಿಯಾಗಿದೆ," ಎಂದಳು. "ಮಂಗಳಮ್ಮನಿಗೆ ಏನು ಮಗು?"

"ಎಣ್ಣು ಮಗು."

"ದೇವರು ಕಾಪಾಡಲಿ," ಎಂದು ರಿಬ್ಕಾ ಪೊಟ್ಟಣವನ್ನು ಮತ್ತೆ ಕಟ್ಟಿ, ಗಂಟಿನೊಳಗೆ ಬಟ್ಟೆಗಳ ನಡುವೆ ಇಟ್ಟಳು. ಮುಂದಿನ ಗಾಡಿ ಹೊರಟಿತು. ತಪ್ಪಾಯಿತು ಎಂಬ ಮಾತನ್ನು ದೊಡ್ಡತಾಯಮ್ಮ ಆಡುವಾಗ ರಿಬ್ಕಾ ಗಂಟನ್ನು ಎತ್ತಿ ಹೊತ್ತುಕೊಳ್ಳುತ್ತಿದ್ದಳು. ಗಾಡಿಯ ಗಡಗಡ ಜೋರಾಗಿತ್ತು. ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ. ಅವಳು ಒಮ್ಮೆ ತಲೆಯಾಡಿಸಿದ್ದು ಹೌದು. ಅದು ಹೋಗಿಬರುತ್ತೇನೆ ಎಂದದ್ದೂ ಇರಬಹುದು.

ಮಂಗಳಮ್ಮ ಜ್ಯೇಷ್ಠದಲ್ಲಿ ಕೂಸನ್ನು ಎತ್ತಿಕೊಂಡು ಗಂಜಾಮಿಗೆ ಬಂದಳು. ಮನೆಯ ಬಾಗಿಲುಗಳನ್ನು ದಂಡಿನವರು ಕಿತ್ತೊಯ್ದಿದ್ದರು. ಲಕ್ಷ್ಮಣಾಚಾರಿ ಹೊಸ ಬಾಗಿಲಿಗೆ ಹಲಗೆ ಹೆರೆಯುತ್ತಿದ್ದ. ಅವಳು ಅತ್ತೆಗೆ ನಮಸ್ಕಾರ ಮಾಡಿದಳು, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು, ಬಡಿಸಿದ್ದನ್ನು ಉಂಡಳು. ತಾನಾಗಿ ಏನನ್ನೂ ಕೇಳಲಿಲ್ಲ. ನಾಲ್ಕನೆಯ ದಿನ ದೊಡ್ಡತಾಯಮ್ಮ ಕಾಲಮೇಲೆ ಕೂಸನ್ನು ಮಲಗಿಸಿಕೊಂಡು, ಉಳಿದಿದ್ದ ಎಣ್ಣೆಯನ್ನು ಬೆರಳಿನಿಂದ ಒರೆಸಿ ಒರೆಸಿ ಮೈಗೆ ತಿಕ್ಕುತ್ತಿದ್ದಳು. ಆಗ ಮಂಗಳಮ್ಮ ಬಂದು ಎದುರಿಗೆ ನಿಂತಳು.

"ರೇಬಕ್ಕಂಗೆ ಕಜ್ಜಾಯ ಕೊಟ್ರಂತೆ?"

"ಊಂ."

"ತಿಂದ್ಳಾ?"

ದೊಡ್ಡತಾಯಮ್ಮ ಕೂಸಿನ ಮುಷ್ಟಿಯನ್ನು ಬಿಡಿಸಿ ಅಂಗೈಗೆ ಎಣ್ಣೆ ಸವರಿದಳು.

"ಇಲ್ಲ ಕಣವ್ವ," ಎಂದಳು. "ಎಲ್ಡೂ ಕೈ ಚಾಚಿ ಈಸ್ಕೊಂಡ್ಳು."

ಮಂಗಳಮ್ಮ ಕೂಸಿನ ಸ್ನಾನಕ್ಕೆಂದು ಒಲೆಯ ಮೇಲಿನ ನೀರು ಕಾದಿದೆಯೇ ನೋಡಲು ಹೋದಳು.